ಇನ್‌ಬಾಕ್ಸ್ ತುಂಬಿಸುವವರು ಯಾರು?

ಕಚೇರಿಯ ಇ-ಮೇಲ್‌ಗಳನ್ನು ಹೇಗೆ ನಿಭಾಯಿಸಬೇಕೆಂದು ನೌಕರರಿಗೆ ಉಪದೇಶಿಸುವವರಿಗೆ ಇಂದು ಬರವಿಲ್ಲ. ದಿನಕ್ಕೆ ಎರಡೇ ಬಾರಿ ತೆರೆದು ನೋಡಿ, ಚಿಕ್ಕ ಉತ್ತರಗಳನ್ನು ಕೂಡಲೇ ಬರೆದು ಮುಗಿಸಿ, ಉಳಿದುದನ್ನು ವಿಂಗಡಿಸಿಡಿ, ಸಂಜೆ ಇನ್‌ಬಾಕ್ಸ್ ಖಾಲಿ ಮಾಡಿ ಮನೆಗೆ ಹೋಗಿ ಎನ್ನುತ್ತಾರೆ. 2007ರಲ್ಲಿ ಅಮೆರಿಕದ ಮರ್ಲಿನ್ ಮಾನ್ ಎಂಬವರು ಗೂಗಲ್ ಕಚೇರಿಯಲ್ಲಿ 'ಇನ್‌ಬಾಕ್ಸ್ ಝೀರೋ' ಕುರಿತು ಉಪನ್ಯಾಸ ನೀಡಿದ ಮೇಲೆ ಇದೊಂದು ಶಾಸ್ತ್ರವೇ ಆಗಿಬಿಟ್ಟಿತು. ಆದರೆ ಆ ವಿಷಯದಲ್ಲಿ ಅವರು ಬರೆಯಹೊರಟ ಪುಸ್ತಕ ಮಾತ್ರ ಹೊರಬರಲೇ ಇಲ್ಲ!

ಈ ಸಲಹೆಗಳಿಂದ ಪ್ರಯೋಜನವೇ ಇಲ್ಲ ಎಂದಲ್ಲ. ಆದರೆ ರೋಗ ಇರುವುದು ಪತ್ರ ಪಡೆಯುವವನಲ್ಲಿ ಎಂದು ಅವು ಭಾವಿಸಿವೆ. ವಾಸ್ತವದಲ್ಲಿ ಅದು ಇರುವುದು ಕಳುಹಿಸುವವನಲ್ಲಿ.

ಇ-ಮೇಲ್‌ನಲ್ಲಿ ಕಾಣುವ 'ಸಿಸಿ' ಎಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ಹಾಳೆಗಳ ನಡುವೆ ಕಾರ್ಬನ್ ಕಾಗದ ಇಟ್ಟು ಪ್ರತಿ ತೆಗೆಯುತ್ತಿದ್ದರು. ಕೆಲವು ಪ್ರತಿಗಳಾಗುವಷ್ಟರಲ್ಲಿ ಅಕ್ಷರ ಮಸುಕಾಗುತ್ತಿತ್ತು. ಹಾಗಾಗಿ ಪ್ರತಿ ಯಾರಿಗೆ ನಿಜವಾಗಿಯೂ ಬೇಕು ಎಂದು ಯೋಚಿಸಲೇಬೇಕಿತ್ತು. ಇಂದು ನಲ್ವತ್ತು ಮಂದಿಗೆ ಪ್ರತಿ ಕಳುಹಿಸಲು ಒಂದು ಬೆರಳು ಸಾಕು. ಕಳುಹಿಸಿದವನಿಗೆ ಖರ್ಚಾದದ್ದು ಒಂದು ಕ್ಷಣ. ಓದಲು ತಲಾ ಎರಡು ನಿಮಿಷ ಬೇಕಾದರೂ ಸಂಸ್ಥೆಗೆ ಎಂಬತ್ತು ನಿಮಿಷ ನಷ್ಟ. ಇಷ್ಟಕ್ಕೂ ಆ ಪ್ರತಿಗಳಲ್ಲಿ ಮಾಹಿತಿಗಾಗಿ ಹೋಗುವವೆಷ್ಟು? ನಾಳೆ ತಪ್ಪಾದರೆ 'ನಾನು ಮೊದಲೇ ತಿಳಿಸಿದ್ದೆ' ಎಂದು ಕೈತೊಳೆದುಕೊಳ್ಳಲು ಹೋಗುವವೆಷ್ಟು?

ಬೆಂಗಳೂರಿನ ಐಟಿ ಉದ್ಯೋಗಿಯ ಪಾಡಂತೂ ಕೇಳುವುದೇ ಬೇಡ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಸಂಜೆ ಆರೂವರೆ ಅಥವಾ ಏಳೂವರೆ. ಅಲ್ಲಿಯ ದಿನ ಶುರುವಾಗುವುದೇ ಇಲ್ಲಿಯವರು ಮನೆ ಸೇರುವ ಹೊತ್ತಿಗೆ. ಊಟದ ತಟ್ಟೆಯ ಪಕ್ಕದಲ್ಲೇ ಮೊಬೈಲ್. ಮಗು ಶಾಲೆಯ ಸುದ್ದಿ ಹೇಳುತ್ತಿದ್ದರೆ ತಂದೆಯ ಕಣ್ಣು ಪರದೆಯ ಮೇಲೆ. ಇಂಥವರಿಗೆ 'ಸಮಯ ನಿರ್ವಹಣೆ' ಬೋಧಿಸುವುದು ಅವರನ್ನು ಅಪಹಾಸ್ಯ ಮಾಡಿದಂತಲ್ಲವೇ?

ಪರಿಹಾರ ಬೇರೆಡೆ ಇದೆ ಎಂಬುದನ್ನು ಕೆಲವರು ತೋರಿಸಿಕೊಟ್ಟಿದ್ದಾರೆ. ಜರ್ಮನಿಯ ಫೋಕ್ಸ್‌ವ್ಯಾಗನ್ 2011ರಲ್ಲಿ ನೌಕರರ ಪ್ರತಿನಿಧಿಗಳೊಂದಿಗೆ ಒಪ್ಪಂದ ಮಾಡಿಕೊಂಡು, ಅದರ ವ್ಯಾಪ್ತಿಯ ನೌಕರರ ಫೋನ್‌ಗಳಿಗೆ ಕೆಲಸ ಮುಗಿದ ಅರ್ಧ ಗಂಟೆಯ ಬಳಿಕ ಇ-ಮೇಲ್ ಹೋಗದಂತೆ ಮಾಡಿತು. 2014ರಲ್ಲಿ ಡೈಮ್ಲರ್ ಕಂಪೆನಿ, ರಜೆಯಲ್ಲಿರುವವರು ಬಯಸಿದರೆ ಅವರಿಗೆ ಬರುವ ಇ-ಮೇಲ್ ತಾನಾಗಿಯೇ ಅಳಿಸಿಹೋಗುವ ಏರ್ಪಾಡು ತಂದಿತು. ತುರ್ತಿದ್ದರೆ ಯಾರನ್ನು ಸಂಪರ್ಕಿಸಬೇಕೆಂಬ ಉತ್ತರ ಕಳುಹಿಸಿದವರಿಗೆ ಹೋಗುತ್ತಿತ್ತು. ಫ್ರಾನ್ಸ್‌ನಲ್ಲಿ 2017ರಿಂದ ಕೆಲಸದ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕಿಗೆ ಕಾನೂನಿನ ಬಲವಿದೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ.

ಕಾಯ್ದೆ ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಬೇಡದವರಿಗೆ ಪ್ರತಿ ಕಳುಹಿಸದಿರಲು, ರಾತ್ರಿ ಬರೆದ ಪತ್ರವನ್ನು ಬೆಳಿಗ್ಗೆ ಹೊರಡುವಂತೆ ಸಮಯ ಗೊತ್ತುಮಾಡಲು, ನಿಜಕ್ಕೂ ತುರ್ತಾದರೆ ಫೋನ್ ಮಾಡಲು ಯಾವ ಮೇಲಧಿಕಾರಿಗೂ ಸಂಸತ್ತಿನ ಅನುಮತಿ ಬೇಕಿಲ್ಲ. ಇನ್‌ಬಾಕ್ಸ್ ಖಾಲಿ ಮಾಡುವ ವಿದ್ಯೆಯನ್ನು ನೌಕರರಿಗೆ ಕಲಿಸುವ ಮುನ್ನ, ಅದನ್ನು ತುಂಬಿಸದಿರುವ ವಿದ್ಯೆಯನ್ನು ಅಧಿಕಾರಿಗಳು ಕಲಿಯಲಿ.