ಹರಕು ನೋಟಿನ ನಷ್ಟ ಯಾರಿಗೆ?

ಒಂದು ರೂಪಾಯಿ ನಾಣ್ಯ ಕರಗಿಸಿದವರಿಗೆ 2011ರ ನಾಣ್ಯ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. 500 ರೂಪಾಯಿ ನೋಟು ಹರಿದವರಿಗೆ? ಅಂಥ ನೇರ ಕಲಮೇ ಇಲ್ಲ. ಭಾರತೀಯ ನ್ಯಾಯ ಸಂಹಿತೆ ಹಿಡಿಯುವುದು ಖೋಟಾ ನೋಟಿನವರನ್ನು. ಅಸಲಿ ನೋಟನ್ನು ಹಾಳುಮಾಡುವವರು ಅದರ ಕೈಗೆ ಸಿಗುವುದಿಲ್ಲ.

ಒಂದು ರೂಪಾಯಿಯ ನೋಟು ಮಾತ್ರ ಬೇರೆ. ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕಲ್ಲ, ಕೇಂದ್ರ ಸರ್ಕಾರ. ಅದರ ಮೇಲಿರುವುದು ಹಣಕಾಸು ಕಾರ್ಯದರ್ಶಿಯ ಸಹಿ. ನಾಣ್ಯ ಕಾಯ್ದೆಯ ವ್ಯಾಖ್ಯಾನದಲ್ಲಿ ಈ ಕಾಗದವೂ 'ನಾಣ್ಯ'ವೇ.

ನಾಣ್ಯದ ವಿಷಯದಲ್ಲಿ ಬಿಗಿ ಬೇಕಿತ್ತು, ಒಪ್ಪಬೇಕು. ಮುಖಬೆಲೆಗಿಂತ ಲೋಹದ ಬೆಲೆ ಏರಿದರೆ ಕರಗಿಸುವವರು ಹುಟ್ಟಿಕೊಳ್ಳುತ್ತಾರೆ. 2007ರಲ್ಲಿ ಕೋಲ್ಕತ್ತದಲ್ಲಿ ಚಿಲ್ಲರೆಗೆ ಬರ ಬಂದಾಗ, ನಾಣ್ಯಗಳು ಕಳ್ಳದಾರಿಯಲ್ಲಿ ಬಾಂಗ್ಲಾದೇಶ ಸೇರಿ ಶೇವಿಂಗ್ ಬ್ಲೇಡ್ ಆಗುತ್ತಿವೆ ಎಂಬ ವರದಿಗಳು ಬಂದಿದ್ದವು.

ನೋಟಿನ ಪಾಲಿಗೆ ಉಳಿದದ್ದು ಮನವಿ ಮಾತ್ರ. ಹಾರ ಕಟ್ಟಬೇಡಿ, ಮಂಟಪ ಸಿಂಗರಿಸಬೇಡಿ, ಸಮಾರಂಭಗಳಲ್ಲಿ ತೂರಬೇಡಿ ಎಂದು ರಿಸರ್ವ್ ಬ್ಯಾಂಕ್ ಕೇಳಿಕೊಳ್ಳುತ್ತಲೇ ಇದೆ. 2010ರ ಮಾರ್ಚ್‌ನಲ್ಲಿ ಲಖನೌ ರ್‍ಯಾಲಿಯಲ್ಲಿ ಆಗಿನ ಮುಖ್ಯಮಂತ್ರಿ ಮಾಯಾವತಿಯವರ ಕೊರಳಿಗೆ ಸಾವಿರ ರೂಪಾಯಿ ನೋಟುಗಳ ಭಾರೀ ಹಾರ ಬಿತ್ತು. ನಮ್ಮ ಮದುವೆ ಮನೆಗಳಲ್ಲೂ ನೋಟಿನ ಹಾರ ಹೊಸತಲ್ಲ. ಬ್ಯಾಂಕುಗಳೂ ಹಿಂದೆ ಕಂತೆಗೆ ಪಿನ್ನು ಹೊಡೆಯುತ್ತಿದ್ದವು. 2001ರಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿ ಅದನ್ನು ನಿಲ್ಲಿಸಬೇಕಾಯಿತು. ಹಾಳಾದ ನೋಟಿನ ಜಾಗಕ್ಕೆ ಹೊಸದು ಬರಬೇಕು: 2023-24ರಲ್ಲಿ ಮುದ್ರಣದ ಖರ್ಚೇ ಸುಮಾರು 5,100 ಕೋಟಿ ರೂಪಾಯಿ.

ಶಿಕ್ಷೆ ಇಲ್ಲವೇ ಇಲ್ಲ ಎಂದಲ್ಲ, ಅದು ತಪ್ಪಿತಸ್ಥನನ್ನು ಬಿಟ್ಟು ಇನ್ನೊಬ್ಬರ ಮೇಲೆ ಬೀಳುತ್ತಿದೆ. ನೋಟಿನ ಉದ್ದಕ್ಕೂ ರಾಜಕೀಯ ಅಥವಾ ಧಾರ್ಮಿಕ ಘೋಷಣೆ ಬರೆದಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಅದು ಹಣವಾಗಿ ಉಳಿಯುವುದಿಲ್ಲ. ಬದಲಿ ನೋಟೂ ಸಿಗದು. ಬರೆದವನು ಅಷ್ಟರಲ್ಲಿ ಅದನ್ನು ಖರ್ಚು ಮಾಡಿ ಹೋಗಿರುತ್ತಾನೆ. ಮುಸ್ಸಂಜೆಯ ಮಂದ ಬೆಳಕಲ್ಲಿ, ಗಿರಾಕಿಗಳ ಗದ್ದಲದಲ್ಲಿ ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡ ಹೂವಿನವಳು ದಿನದ ಲಾಭವನ್ನೇ ಕಳೆದುಕೊಳ್ಳುತ್ತಾಳೆ. ಇದು ನ್ಯಾಯವಲ್ಲ.

ಸುಮ್ಮನೆ ಗೀಚಿದ ನೋಟು, ಬಣ್ಣ ತಾಗಿದ ನೋಟು ಈಗಲೂ ಪೂರ್ತಿ ಹಣವೇ. ಹರಿದ 20 ರೂಪಾಯಿ ನೋಟಿನ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಬ್ಯಾಂಕು ಪೂರ್ತಿ ಬೆಲೆ ಕೊಡಬೇಕು. 50 ಮತ್ತು ಅದಕ್ಕೂ ಮೇಲಿನ ನೋಟುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಶೇ 40ರಿಂದ 80ರಷ್ಟಿದ್ದರೆ ಅರ್ಧ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಕಮಿಷನ್ ತೆತ್ತು ದಲ್ಲಾಳಿಗಳ ಹತ್ತಿರ ನೋಟು ಬದಲಿಸಿಕೊಳ್ಳುತ್ತಾರೆ.

ಘೋಷಣೆ ಬರೆದ ನೋಟನ್ನು ಅರಿಯದೆ ಪಡೆದವರಿಗೆ ಬೆಲೆ ಮರಳಿಸುವಂತೆ ಆ ನಿಯಮವನ್ನು ತಿದ್ದಬೇಕು. ಅದಾಗುವವರೆಗೆ, ಕಡೇಪಕ್ಷ ಈ ಅಳತೆಗಳನ್ನು ಪ್ರತಿ ಬ್ಯಾಂಕ್ ಶಾಖೆಯೂ ಕೌಂಟರಿನ ಮುಂದೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ.