ಗನ್ ಕೆಳಗಿಡು ಗುರು, ಕಣ್ಣಿಗೆ ಕೆಲಸ ಕೊಡು

ಫೆಸ್ಟ್ ಹತ್ತಿರ ಬಂತು ಅಂದ್ರೆ ನಮ್ಮ ಕ್ಯಾಮೆರಾ ಗ್ಯಾಂಗಿನಲ್ಲಿ ಒಂದು ಥೀಮ್ ಗ್ಯಾರಂಟಿ: ಸ್ಪೈ. ಹುಡುಗ ಆದರೆ ಕಪ್ಪು ಕೋಟು, ಕೂಲಿಂಗ್ ಗ್ಲಾಸ್, ಎದೆ ಮೇಲೆ ಕೈಕಟ್ಟಿ ಒಂದು ಆಟಿಕೆ ಪಿಸ್ತೂಲು. ಹುಡುಗಿ ಆದರೆ ಕಪ್ಪು ಡ್ರೆಸ್, ಕೆಂಪು ಲಿಪ್‌ಸ್ಟಿಕ್, ಅದೇ ಪಿಸ್ತೂಲು ಗಲ್ಲದ ಪಕ್ಕ. ಹತ್ತು ಫೋಟೋ ಪಕ್ಕಪಕ್ಕ ಇಟ್ಟರೆ ಯಾರು ತೆಗೆದದ್ದು, ಯಾರನ್ನು ತೆಗೆದದ್ದು ಎರಡೂ ಗೊತ್ತಾಗಲ್ಲ. ದೂರ ನಿಂತು ಬೈತಿದೀನಿ ಅಂದ್ಕೋಬೇಡಿ. ಇಂಥ ಫೋಟೋ ತೆಗೆದವರ ಸಾಲಿನಲ್ಲಿ ನಾನೇ ಮುಂದೆ ನಿಂತಿದ್ದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಬ್ರ್ಯಾಂಚಿನ ಗೆಳತಿಯೊಬ್ಬಳನ್ನು ಒಪ್ಪಿಸಿ, ಸೀನಿಯರ್ ಹತ್ರ ಉದ್ದ ಕೋಟು ಎರವಲು ತಂದು, ಮಧ್ಯಾಹ್ನ ಮೂರು ಗಂಟೆಗೆ ಪಾರ್ಕಿಂಗ್ ಶೆಡ್ ಹಿಂದೆ ನಿಲ್ಲಿಸಿದೆ. ಕೋಟು ಅವಳಿಗೆ ಎರಡು ಸೈಜು ದೊಡ್ಡದು. ಸೆಕೆಗೆ ಬೆವರಿ ಮುಖವೆಲ್ಲ ಒದ್ದೆ. ಕೈಗೆ ಆಟಿಕೆ ಗನ್ ಕೊಟ್ಟು "ಆಟಿಟ್ಯೂಡ್ ಕೊಡು, ಆಟಿಟ್ಯೂಡ್" ಅಂತ ಕೂಗ್ತಾ ಇದ್ದೆ. ದೂರದಿಂದ ಗನ್ ನೋಡಿದ ವಾಚ್‌ಮನ್ ಅಂಕಲ್ ಲಾಠಿ ಹಿಡ್ಕೊಂಡು ಓಡಿಬಂದರು. ಆಟಿಕೆ ಅಂತ ತೋರಿಸೋಷ್ಟರಲ್ಲಿ ನಮ್ಮಿಬ್ಬರ ಕೈಕಾಲು ನಡುಗ್ತಿತ್ತು. ಅವರ ಕೈಯೂ ನಡುಗ್ತಿತ್ತು, ಅದು ನನಗೆ ಆಮೇಲೆ ಹೊಳೀತು.

ಅಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ರಾತ್ರಿಯೇ ಎಡಿಟ್ ಮಾಡಿ, ಅವಳನ್ನು ಒಂದು ಮಾತೂ ಕೇಳದೆ ಪೋಸ್ಟ್ ಮಾಡಿದೆ. ಲೈಕ್ಸ್ ಚೆನ್ನಾಗೇ ಬಂತು. ಮಾರನೇ ದಿನ ಲ್ಯಾಬ್‌ನಲ್ಲಿ ಅವಳು ಕೇಳಿದ್ದು ಒಂದೇ: "ಕೋಟಿದೆ, ಗನ್ನಿದೆ. ಇದರಲ್ಲಿ ನಾನೆಲ್ಲಿದೀನೋ?" ಉತ್ತರ ಇರಲಿಲ್ಲ. ಫೋಟೋ ತೆಗೆದುಹಾಕಿದೆ. ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಈ ಲೇಖನ ಅದಕ್ಕೇ.

ಮೊದಲು ಬೇರಿನಿಂದ ಶುರು ಮಾಡೋಣ. ಗೂಢಚಾರ ಅಂದರೆ ಯಾರು? ಕಣ್ಣಿಗೆ ಬೀಳಬಾರದವನು. ಹಾಗಿದ್ದ ಮೇಲೆ ಇಡೀ ರಸ್ತೆ ತಿರುಗಿ ನೋಡೋ ಹಾಗೆ ಅವನಿಗೆ ಡ್ರೆಸ್ ಮಾಡೋದು ಯಾವ ನ್ಯಾಯ? ನೂರ್ ಇನಾಯತ್ ಖಾನ್ ಕತೆ ನೋಡಿ. ತಂದೆಯ ಕಡೆಯಿಂದ ನಮ್ಮ ಮೈಸೂರಿನ ಟಿಪ್ಪು ಸುಲ್ತಾನನ ವಂಶದವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ವೈರ್‌ಲೆಸ್ ಆಪರೇಟರ್ ಆಗಿ 1943ರ ಜೂನ್‌ನಲ್ಲಿ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಹೋದರು. ಸಂಗಡಿಗರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರೂ ಪ್ಯಾರಿಸ್ಸಿನಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಸಂದೇಶ ಕಳಿಸುತ್ತಲೇ ಇದ್ದರು. ಅಕ್ಟೋಬರ್‌ನಲ್ಲಿ ಸೆರೆಸಿಕ್ಕಿ, 1944ರಲ್ಲಿ ಡಾಕೌ ಶಿಬಿರದಲ್ಲಿ ಕೊಲ್ಲಲ್ಪಟ್ಟರು. ಅಂಥವರ ಆಯುಧ ಪಿಸ್ತೂಲಲ್ಲ, ಸೂಟ್‌ಕೇಸಿನೊಳಗೆ ಹಿಡಿಸೋ ಒಂದು ರೇಡಿಯೋ. ಅದನ್ನು ಹೊತ್ತು ಪೊಲೀಸರ ಮುಂದೆ "ನಾನೊಬ್ಬ ಮಾಮೂಲಿ ಹೆಂಗಸು" ಅನ್ನೋ ಮುಖದಲ್ಲಿ ನಡೆಯೋದೇ ಪರೀಕ್ಷೆ. ಆ ಮುಖವನ್ನು ಕಲ್ಪಿಸಿಕೊಳ್ಳಿ. ಗಲ್ಲದ ಪಕ್ಕ ಗನ್ ಇಟ್ಟ ಯಾವ ಮುಖಕ್ಕಿಂತಲೂ ಅದರಲ್ಲಿ ಹೆಚ್ಚು ಕತೆ ಇದೆ.

ಹಾಗಂತ ಗ್ಲಾಮರ್ ತಪ್ಪು ಅಂತಲ್ಲ. 1962ರಲ್ಲಿ ಬಾಂಡ್ ತೆರೆಗೆ ಬಂದ, 1968ರಲ್ಲಿ 'ಜೇಡರ ಬಲೆ'ಯಲ್ಲಿ ನಮ್ಮ ಅಣ್ಣಾವ್ರು ಸಿಐಡಿ 999 ಆದರು. ಆ ಸ್ಟೈಲ್ ನೋಡಿ ಬೆಳೆದವರು ನಮ್ಮ ಅಪ್ಪ, ಮಾವಂದಿರು. ಖುಷಿಗೆ ಅಂಥದ್ದು ಬೇಕು. ಆದರೆ ಅಲ್ಲೂ ಪಿಸ್ತೂಲನ್ನು ನಂಬಿಸಿದ್ದು ಮನುಷ್ಯ. ಮನುಷ್ಯನನ್ನು ನಂಬಿಸಿದ್ದು ಪಿಸ್ತೂಲಲ್ಲ.

"ಗನ್ ಇಲ್ಲದಿದ್ರೆ ಸ್ಪೈ ಅಂತ ಗೊತ್ತಾಗೋದು ಹೇಗೆ?" ನ್ಯಾಯವಾದ ಪ್ರಶ್ನೆ. ಒಂದು ವರ್ಷ ಎಡವಿ ಎಡವಿ ಕಲಿತದ್ದನ್ನು ಹೇಳ್ತೀನಿ.

ಬಟ್ಟೆ: ಮೈಗೆ ಹೊಂದೋದು, ಅವರದೇ ಕಪಾಟಿನಲ್ಲಿರೋದು. ಮಾಸಲು ಬಣ್ಣದ ಶರ್ಟು, ಕಾಟನ್ ಸೀರೆ, ಹಳೇ ಜಾಕೆಟ್, ಯಾವುದಾದರೂ ಸರಿ. ಎಲ್ಲ ಮಾಮೂಲಿ ಇರಲಿ, ಒಂದೇ ಒಂದು ವಸ್ತು ತಾಳೆಯಾಗದ ಹಾಗಿರಲಿ. ಸೀರೆ ಉಟ್ಟವಳ ಕೈಯಲ್ಲಿ ಎರಡು ವಾಚು. ಬಸ್‌ಸ್ಟಾಪಿನಲ್ಲಿ ಕೂತವನ ತೊಡೆ ಮೇಲೆ ತಲೆಕೆಳಗಾದ ಪೇಪರ್. ನೋಡುಗನಿಗೆ ಅನುಮಾನ ಹುಟ್ಟಿದರೆ ಸಾಕು, ಉಳಿದ ಸ್ಪೈ ಸಿನಿಮಾ ಅವನೇ ತಲೆಯಲ್ಲಿ ಓಡಿಸ್ತಾನೆ.

ಪೋಸ್: "ಸೀರಿಯಸ್ ಆಗಿರು" ಅಂದ್ರೆ ಯಾರಿಗೂ ಸೀರಿಯಸ್ ಆಗೋಕೆ ಬರಲ್ಲ, ನಗು ಬರತ್ತೆ. ಭಾವ ಕೇಳಬೇಡಿ, ಕೆಲಸ ಕೊಡಿ. "ನಿನ್ನ ಹಿಂದೆ ಇಬ್ಬರು ಬರ್ತಿದಾರೆ. ತಿರುಗಬೇಡ, ಅಂಗಡಿ ಗಾಜಿನಲ್ಲಿ ನೋಡು" ಅಂದು ನೋಡಿ, ಕಣ್ಣು ತಾನಾಗೇ ಬದಲಾಗತ್ತೆ. ಮೈಯನ್ನು ಕ್ಯಾಮೆರಾದಿಂದ ಸುಮಾರು 45 ಡಿಗ್ರಿ ತಿರುಗಿಸಿ, ಮುಖ ಮಾತ್ರ ಇತ್ತ ಬರಲಿ. ಭಾರ ಹಿಂದಿನ ಕಾಲಿನ ಮೇಲಿದ್ದರೆ ಈಗಲೋ ಆಗಲೋ ಹೊರಟುಬಿಡೋ ಹಾಗೆ ಕಾಣ್ತಾರೆ. ಗದ್ದ ಸ್ವಲ್ಪ ಮುಂದೆ, ಸ್ವಲ್ಪ ಕೆಳಗೆ. ಕೈ ಖಾಲಿ ಬಿಡಬೇಡಿ. ಬೀಗದ ಕೈ, ಬಸ್ ಟಿಕೆಟ್, ಕಾಲರ್, ಏನೋ ಒಂದು ಹಿಡಿಸಿ.

ಬೆಳಕು: ಇಲ್ಲಿ ನಾವು ಇಂಜಿನಿಯರಿಂಗ್ ಓದಿದ್ದಕ್ಕೆ ಸಾರ್ಥಕ ಆಗಬೇಕು. 1949ರ 'ದ ಥರ್ಡ್ ಮ್ಯಾನ್' ನೋಡಿ. ಅದು ನೇರವಾಗಿ ಸ್ಪೈ ಸಿನಿಮಾ ಅಲ್ಲ, ಆದರೆ ಆ ಲೋಕದ ಬೆಳಕು ಹೇಗಿರತ್ತೆ ಅನ್ನೋದಕ್ಕೆ ಪಾಠಪುಸ್ತಕ. ಕತ್ತಲ ಬಾಗಿಲಲ್ಲಿ ನಿಂತ ಆರ್ಸನ್ ವೆಲ್ಸ್ ಮುಖದ ಮೇಲೆ ಯಾವುದೋ ಕಿಟಕಿಯ ಬೆಳಕು ಬೀಳತ್ತೆ, ಅವನು ಸಣ್ಣಗೆ ನಗ್ತಾನೆ. ಅಷ್ಟೇ. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್‌ಗೆ ಆ ಚಿತ್ರಕ್ಕೆ ಆಸ್ಕರ್ ಬಂತು. ನಮಗೆ ಒಂದೇ ಎಲ್‌ಇಡಿ ಸಾಕು. ಸಾಫ್ಟ್‌ಬಾಕ್ಸ್ ಬೇಡ. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳು ಹರಿತ. ಥರ್ಮೊಕೋಲ್ ಶೀಟಿನಲ್ಲಿ ಅಡ್ಡ ಸೀಳು ಕೊಯ್ದು ಬೆಳಕಿಗೆ ಅಡ್ಡ ಹಿಡಿದರೆ ಕಿಟಕಿ ಪಟ್ಟಿಗಳ ನೆರಳು ಸಿಗತ್ತೆ. ಶೀಟನ್ನು ದೀಪದ ಹತ್ತಿರ ಹಿಡಿದರೆ ನೆರಳಿನ ಅಂಚು ಮಸುಕು, ಮುಖದ ಕಡೆಗೆ ತಂದಷ್ಟೂ ಚೂಪು. ಒಂದು ಬಕೆಟ್ ನೀರು ನೆಲಕ್ಕೆ ಸುರಿದರೆ ಬೀದಿದೀಪದ ಬೆಳಕು ನೆಲದಿಂದಲೂ ಬರತ್ತೆ. 50 ಎಂಎಂ ಲೆನ್ಸ್, ಎಫ್ 1.8, ಐಎಸ್‌ಒ 1600ರ ಆಸುಪಾಸು. ಟೋಪಿ ಇದ್ದರೆ ಅದರ ನೆರಳು ಎರಡೂ ಕಣ್ಣು ನುಂಗದ ಹಾಗೆ ನೋಡಿಕೊಳ್ಳಿ. ಒಂದು ಕಣ್ಣಾದರೂ ಬೆಳಕಲ್ಲಿರಲಿ.

ಇದೆಲ್ಲ ಟೆಕ್ನಿಕ್. ಇದಕ್ಕಿಂತ ದೊಡ್ಡದು ಎದುರಿಗೆ ನಿಂತವರು. ನಾವು ಅವರಿಗೆ "ಮಾಡೆಲ್" ಅಂತೀವಿ, ನಡೆಸಿಕೊಳ್ಳೋದು ಟ್ರೈಪಾಡ್ ಥರ. ದುಡ್ಡು ಕೊಡಲ್ಲ, ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸ್ತೀವಿ, ನೀರು ಬೇಕಾ ಅಂತಾನೂ ಕೇಳಲ್ಲ. ಕಡೇಪಕ್ಷ ಇಷ್ಟಾದರೂ ಮಾಡೋಣ. ಏನು ಹಾಕೋದು, ಎಲ್ಲಿ, ಎಷ್ಟು ಹೊತ್ತು ಅನ್ನೋದನ್ನು ಮೊದಲೇ ಮಾತಾಡೋಣ. ಜೊತೆಗೊಬ್ಬ ಫ್ರೆಂಡ್ ಬರಲಿ. ಪೋಸ್ ಸರಿಮಾಡೋಕೆ ಮುಟ್ಟೋದು ಬೇಡ, ನಾವೇ ನಿಂತು ತೋರಿಸೋಣ. ಹತ್ತು ಫ್ರೇಮಿಗೊಮ್ಮೆ ಸ್ಕ್ರೀನ್ ತೋರಿಸೋಣ. ಅವರು ಹೂಂ ಅಂದ ಫೋಟೋ ಮಾತ್ರ ಹೊರಗೆ ಹೋಗಲಿ. ಕ್ಯಾಂಪಸ್ಸಿನಲ್ಲಿ ಆಟಿಕೆ ಗನ್ ಅಂತೂ ಬೇಡವೇ ಬೇಡ. ಓಡಿಬರೋ ವಾಚ್‌ಮನ್ ಅಂಕಲ್‌ಗೆ ಅದು ಆಟಿಕೆ ಅಂತ ಹೇಗೆ ಗೊತ್ತಾಗಬೇಕು?

ಈ ಫೆಬ್ರವರಿಯಲ್ಲಿ ಅದೇ ಗೆಳತಿಯನ್ನು ಇನ್ನೊಂದು ಸಲ ಕೇಳಿದೆ. "ಗನ್ ಇದ್ರೆ ಬರಲ್ಲ" ಅಂದಳು. ಅವಳದೇ ನೀಲಿ ಕುರ್ತಾ, ಅವಳ ಅಜ್ಜಿಯ ಹಳೇ ಚರ್ಮದ ಬ್ಯಾಗು, ಸಂಜೆ ಏಳರ ಬಸ್‌ಸ್ಟಾಪು. "ಈ ಬ್ಯಾಗಲ್ಲಿ ಏನಿದೆ ಅಂತ ನಿಂಗೆ ಮಾತ್ರ ಗೊತ್ತು" ಅಂದೆ. ಅವಳು ಬ್ಯಾಗಿನ ಹಿಡಿಯನ್ನು ಸ್ವಲ್ಪ ಬಿಗಿ ಮಾಡಿ, ಬರ್ತಿದ್ದ ಬಸ್ಸಿನ ಕಡೆ ನೋಡಿದಳು. ಒಂದೇ ಕ್ಲಿಕ್.

ತೋರಿಸಿದೆ. ಸ್ವಲ್ಪ ಹೊತ್ತು ನೋಡಿ "ಹಾಕು" ಅಂದಳು. ಲೈಕ್ಸ್ ಹೋದ ಸಲಕ್ಕಿಂತ ಕಮ್ಮಿ ಬಂತು. ಅವಳ ಅಮ್ಮ ಮಾತ್ರ ಅದನ್ನು ಪ್ರಿಂಟ್ ಹಾಕಿಸಿ ಮನೆಯಲ್ಲಿ ಇಟ್ಟಿದಾರಂತೆ.