ಒಂದೇ ಮರದ ಕುಡಿ, ಒಂದೇ ಮರದ ಹಣ್ಣು

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕತೆ ಹೇಳುತ್ತೇನೆ. ಅಜ್ಜ ಅಜ್ಜಿಯಂದಿರೂ ಹತ್ತಿರ ಕುಳಿತು ಕೇಳಲಿ.

ದಸರಾ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಪಂಜಕ್ಕೆ ಬಂದಿದ್ದಳು. ಅವಳು ಬರುತ್ತಾಳೆಂದು ಅಜ್ಜಿ ಅಟ್ಟದಿಂದ ಹಳೆಯ ಹಿತ್ತಾಳೆ ಪಾತ್ರೆ ಇಳಿಸಿ ಕಲಾಯಿ ಹಾಕಿಸಿದ್ದಳು. ನಾಲ್ಕು ದಿನ ಅದರಲ್ಲೇ ಹುಣಸೆಹುಳಿಯ ಸಾರು. ಐದನೆಯ ದಿನ ನಾನೊಂದು ಲೇಖನ ಓದಿದೆ. ಕಲಾಯಿಗೆ ಶುದ್ಧ ತವರವೇ ಆಗಬೇಕು. ಅಗ್ಗವಾಗಲೆಂದು ಅದಕ್ಕೆ ಸೀಸ ಬೆರೆಸುವುದೂ ಉಂಟು. ಹುಳಿ ತಾಗಿದರೆ ಸೀಸ ಕರಗಿ ಊಟಕ್ಕೆ ಇಳಿಯುತ್ತದೆ ಎಂದಿತ್ತು. ನಮ್ಮ ಪಾತ್ರೆಯಲ್ಲಿ ಸೀಸ ಇದೆಯೋ ಇಲ್ಲವೋ, ಕಣ್ಣಿಗೆ ಗೊತ್ತಾಗುವ ಹಾಗಿಲ್ಲ. ನನಗೆ ಹೆದರಿಕೆ ಹತ್ತಿತು.

ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮೈಗೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧವೇ ಸೇರುತ್ತದೆ. ಇಷ್ಟಾದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಅದಕ್ಕಿಲ್ಲ.

ಗಿಡಗಳ ಚೊಗರು ಹೊಟ್ಟೆಯಲ್ಲಿ ಸೀಸವನ್ನು ಹಿಡಿದು ಹೊರಗೆ ಹಾಕುತ್ತದೆ ಎಂದು ಮೊಬೈಲಿನಲ್ಲಿ ಕಂಡಿತು. ಅಂಗಳದ ಬದಿಯಲ್ಲೇ ಪೇರಳೆ ಮರ. ಕುಡಿ ಕೊಯ್ದು ಕಷಾಯ ಕಾಸಿ ಹೊತ್ತುಹೊತ್ತಿನ ಊಟದ ಜೊತೆ ಒಂದೊಂದು ಲೋಟ ಕೊಟ್ಟೆ. ಹುಡುಗಿ ಮುಖ ಸಿಂಡರಿಸಿ ಕುಡಿದಳು.

ಮೂರನೆಯ ದಿನ ಮಗಳ ಫೋನ್ ಬಂತು. “ಅಪ್ಪಾ, ಅವಳಿಗೆ ರಕ್ತ ಕಡಿಮೆ ಅಂತ ಡಾಕ್ಟ್ರು ಕೊಟ್ಟ ಕಬ್ಬಿಣದ ಮಾತ್ರೆ ನೆನಪಿಸ್ತಾ ಇದ್ದೀರಲ್ಲ?”

“ನೆನಪಿಸುವುದೇನು, ಕಷಾಯದ ಜೊತೆ ನಾನೇ ನುಂಗಿಸುತ್ತಿದ್ದೇನೆ” ಎಂದೆ ಜಂಬದಿಂದ.

ಪಕ್ಕದಲ್ಲಿದ್ದ ಮೊಮ್ಮಗಳು ಏನೂ ಹೇಳಲಿಲ್ಲ. ರಾತ್ರಿ ಒಂದು ಗಾಜಿನ ಲೋಟಕ್ಕೆ ನನ್ನ ಕಷಾಯ ಸುರಿದು, ತುಕ್ಕು ಹಿಡಿದ ಎರಡು ಮೊಳೆ ಹಾಕಿಟ್ಟಳು. ಬೆಳಿಗ್ಗೆ ನೋಡಿದರೆ ಲೋಟದ ತುಂಬ ಶಾಯಿಯಂಥ ಕಪ್ಪು!

“ಅಜ್ಜಾ, ಕಷಾಯ ಕಬ್ಬಿಣವನ್ನು ಹಿಡಿದುಬಿಟ್ಟಿತು. ಹಾಗಾದರೆ ನನ್ನ ಮಾತ್ರೆಯ ಗತಿ?”

ನನ್ನ ಬಾಯಿ ಕಟ್ಟಿತು. ನೆಲ್ಲಿಕಾಯಿ ಕೊಚ್ಚಿದ ಮೆಟ್ಟುಕತ್ತಿ ಕಪ್ಪಾಗುವುದನ್ನು ಹುಟ್ಟಿದಂದಿನಿಂದ ನೋಡಿದವನು ನಾನು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಅನ್ನಭೇದಿಯಲ್ಲಿ ಇರುವುದು ಕಬ್ಬಿಣ. ಚೊಗರು ಲೋಹವನ್ನು ಹಿಡಿಯುತ್ತದೆ, ನಿಜ. ಆದರೆ ಇದು ಸೀಸ, ಇದು ಕಬ್ಬಿಣ ಎಂದು ಅದು ಆರಿಸುವುದಿಲ್ಲ. ಊಟದ ಜೊತೆಗೆ ಚಹಾ ಕುಡಿಯಬೇಡಿ ಎನ್ನುವುದೂ ಇದಕ್ಕೇ.

ಅಂದೇ ಡಾಕ್ಟರ ಬಳಿ ಹೋದೆವು. ಅವರು ನನ್ನನ್ನು ಬೈಯಲಿಲ್ಲ. “ನಮ್ಮ ಕರುಳಿನಲ್ಲಿ ಕಬ್ಬಿಣ ಒಳಗೆ ಬರುವ ಬಾಗಿಲಿದೆ. ಸೀಸವೂ ಅದೇ ಬಾಗಿಲಿನಿಂದ ನುಸುಳುತ್ತದೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಬಾಗಿಲು ಇನ್ನಷ್ಟು ಅಗಲವಾಗುತ್ತದೆ, ಆಗ ಸೀಸಕ್ಕೂ ಅನುಕೂಲ” ಎಂದರು. ಅಂದರೆ ಸೀಸವನ್ನು ತಡೆಯಲು ಹೊರಟ ನಾನು ಅದಕ್ಕೇ ದಾರಿ ಮಾಡಿಕೊಡುತ್ತಿದ್ದೆ! ಸೀಸದ ಅನುಮಾನಕ್ಕೆ ರಕ್ತಪರೀಕ್ಷೆ ಉಂಟೆಂದೂ ಹೇಳಿ ಬರೆದುಕೊಟ್ಟರು. ವರದಿ ಬರುವವರೆಗೆ ನನಗೆ ನಿದ್ದೆಯಿಲ್ಲ. ಪುಣ್ಯಕ್ಕೆ, ಗಾಬರಿಪಡುವಂಥದ್ದೇನೂ ಇರಲಿಲ್ಲ.

ಹಾಗಾದರೆ ಗಿಡಮೂಲಿಕೆಯೆಲ್ಲ ಸುಳ್ಳೇ? ಅಲ್ಲ. ಇರಾನಿನಲ್ಲಿ ಕಾರಿನ ಬ್ಯಾಟರಿ ತಯಾರಿಸುವ 117 ಕೆಲಸಗಾರರಲ್ಲಿ ಕೆಲವರಿಗೆ ನಾಲ್ಕು ವಾರ ಬೆಳ್ಳುಳ್ಳಿ ಗುಳಿಗೆಯನ್ನೂ ಉಳಿದವರಿಗೆ ಔಷಧಿಯನ್ನೂ ಕೊಟ್ಟು ನೋಡಿದರು. ಬೆಳ್ಳುಳ್ಳಿಯಿಂದಲೂ ರಕ್ತದ ಸೀಸ ಇಳಿಯಿತೆಂದು 2012ರಲ್ಲಿ ಪ್ರಕಟಿಸಿದರು. ಆದರೆ ಇಂಥ ಪರೀಕ್ಷೆಗಳು ಹೆಚ್ಚಾಗಿ ಆದದ್ದು ಇಲಿಗಳ ಮೇಲೆ. ಮಕ್ಕಳಿಗೆ ಎಷ್ಟು, ಯಾವಾಗ ಎಂದು ಅಳೆದುಕೊಟ್ಟ ಕಷಾಯವಿಲ್ಲ. ರಕ್ತದಲ್ಲಿ ಸೀಸ ಬಹಳವಾದರೆ ಅದನ್ನು ಹಿಡಿದು ಹೊರಹಾಕುವ ಔಷಧಿ ಆಸ್ಪತ್ರೆಯಲ್ಲಿದೆ.

ಸೀಸದ ವಿಷಯದಲ್ಲಿ ದೊಡ್ಡ ಗೆಲುವು ಬಂದದ್ದು ಬೇರೆ ದಾರಿಯಿಂದ. 1990ರ ದಶಕದ ಕೊನೆಗೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಹಲವು ದೊಡ್ಡ ಊರುಗಳಲ್ಲಿ ರಕ್ತ ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಮಿತಿಯನ್ನು ದಾಟಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಇದನ್ನೇ ಸಾರುತ್ತ ಬಂದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. 2017ರ ನವೆಂಬರಿನಿಂದ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂತು. ಹೊಟ್ಟೆಗೆ ಹೋದ ಮೇಲೆ ಹಿಡಿಯುವುದಕ್ಕಿಂತ ಹೋಗದಂತೆ ತಡೆಯುವುದೇ ಮೇಲು.

ನಮ್ಮ ಹಿತ್ತಾಳೆ ಪಾತ್ರೆಯಲ್ಲಿ ಈಗ ಸಾರಿಲ್ಲ, ಅಜ್ಜಿಯ ತುಳಸಿ ಗಿಡವಿದೆ. ಮೊಮ್ಮಗಳು ಹಸಿದ ಹೊಟ್ಟೆಯಲ್ಲಿ ಇರುವುದಿಲ್ಲ. ಹಸಿದವರ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ರಾಗಿ, ಎಳ್ಳು, ಮೊಸರು, ಸೊಪ್ಪು ತಿನ್ನುತ್ತಾಳೆ. ಊಟವಾದ ಮೇಲೆ ಅದೇ ಮರದ ಒಂದು ಪೇರಳೆ ಹಣ್ಣು. ಹಣ್ಣಿನ ಸಿ ಜೀವಸತ್ತ್ವ ಊಟದ ಕಬ್ಬಿಣವನ್ನು ಒಳಗೆ ಕರೆಯುತ್ತದೆ. ಕುಡಿ ಹಿಡಿದು ನಿಲ್ಲಿಸುವುದನ್ನು ಹಣ್ಣು ಒಳಗೆ ಬಿಡುತ್ತದೆ, ನೋಡಿ!

ಪೇರಳೆ ಕುಡಿಯ ತಂಬುಳಿಯನ್ನು ನಾವು ಬಿಟ್ಟಿಲ್ಲ. ಅಪರೂಪಕ್ಕೆ ಮಾಡುತ್ತೇವೆ, ರುಚಿಗೆ.

ಮನೆಗೆಲಸ: ದೊಡ್ಡವರನ್ನು ಕರೆದು, ಕಡುಚಹಾದಲ್ಲಿ ತುಕ್ಕಿನ ಮೊಳೆ ಹಾಕಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಬಣ್ಣ ನೋಡಿ, ಚೆಲ್ಲಿಬಿಡಿ. ಕುಡಿಯಬೇಡಿ. ಆಮೇಲೆ ನಿಮ್ಮ ಅಜ್ಜನನ್ನು ಕೇಳಿ: “ಊಟದ ಜೊತೆ ಚಹಾ ಏಕೆ ಬೇಡ?” ಉತ್ತರ ಗೊತ್ತಿಲ್ಲದಿದ್ದರೆ ನೀವೇ ಹೇಳಿಕೊಡಿ. ನನಗೆ ಹೇಳಿಕೊಟ್ಟವಳೂ ಮೊಮ್ಮಗಳೇ.